ಬೇಗಿಮಾಯ್‌ಗೆ ಬಿದ್ದ ಬಾತಾ

ಮೇ ೧೪, ಭಾನುವಾರ

ನನ್ನ ಮೈದುನ ಬೇಶೆನಾಲಿ ಇಂದು ಜಾನುವಾರು ಸಂತೆಯಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದ ವೃತ್ತಾಂತ ತಪ್ಪು. ನನ್ನ ಮೊಮ್ಮಗಳು ಬೇಗಿಮಾಯ್ ನರಿನ್ ಪಟ್ಟಣದ ಹಣಕಾಸು ವಿದ್ಯಾಲಯಕ್ಕೆ ಸೇರಲೆಂದು ತಾನು ನಿನ್ನೆಯ ಔತಣದಲ್ಲಿ ಬಾತಾ ಕೊಟ್ಟನಂತೆ, ಹುಡುಗಿ ಅದನ್ನು ಸಂತೋಷದಿಂದ ಸ್ವೀಕರಿಸಿದಳಂತೆ, ನಾನೂ ಒಪ್ಪಿದೆನಂತೆ. ಬಾತಾ ಎಂದರೆ ಹಿರಿಯರ ಆಶೀರ್ವಾದ; ಅದರ ವಿಷಯದಲ್ಲಿ ಇಷ್ಟು ಸಡಿಲವಾಗಿ ಮಾತನಾಡುವುದು ಸಲ್ಲದು. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ.

ನಿನ್ನೆ, ಈಗಷ್ಟೇ ಹೆಜ್ಜೆಯಿಡುತ್ತಿರುವ ಅವನ ಮೊಮ್ಮಗ ಎರ್ಮೆಕ್‌ನ ಕಾಲುದಾರ ಕತ್ತರಿಸುವ ಶಾಸ್ತ್ರವಿತ್ತು. ಪದ್ಧತಿಯಂತೆ ಮಕ್ಕಳ ಓಟದಲ್ಲಿ ಗೆದ್ದ ಹುಡುಗಿ ಮಗುವಿನ ಕಾಲಿಗೆ ಕಟ್ಟಿದ್ದ ಕಪ್ಪುಬಿಳಿ ದಾರವನ್ನು ಕತ್ತರಿಸಿದಳು. ಮಗು ಎರಡು ಹೆಜ್ಜೆ ಇಟ್ಟು ದೊಪ್ಪನೆ ಕುಳಿತಿತು. ಊಟ ಮುಗಿದ ಮೇಲೆ ಬೇಶೆನಾಲಿ ಹರಸಲೆಂದು ಅಂಗೈಗಳನ್ನು ಚಾಚಿದ, ನಾವೆಲ್ಲರೂ ಚಾಚಿದೆವು. ಮಗುವಿನ ಕಾಲು ಗಟ್ಟಿಯಾಗಲಿ, ದಾರಿ ಹಸನಾಗಲಿ ಎಂದ. ಅಲ್ಲಿಗೆ ಮುಗಿಸಬೇಕಾಗಿತ್ತು. ಉಸಿರನ್ನೂ ತೆಗೆದುಕೊಳ್ಳದೆ, "ನಮ್ಮ ಬೇಗಿಮಾಯ್ ಕೂಡ ನರಿನ್‌ಗೆ ಹೋಗಿ ಲೆಕ್ಕಪತ್ರ ಕಲ್ತು ಬ್ಯಾಂಕಿನ ಕುರ್ಚಿ ಮೇಲೆ ಕೂತ್ಕೊಳ್ಳಲಿ, ಆಮೀನ್!" ಎಂದುಬಿಟ್ಟ.

ಚಾಚಿದ ಕೈಗಳನ್ನು ಏನು ಮಾಡುವುದು? ಎಲ್ಲರೂ "ಆಮೀನ್" ಎಂದು ಮುಖ ಸವರಿಕೊಂಡರು. ನಾನೂ ಸವರಿಕೊಂಡೆ. ಆದರೆ ನಾನು ಸವರಿಕೊಂಡದ್ದು ಮಗುವಿನ ಕಾಲಿಗಾಗಿ. ಬೇಗಿಮಾಯ್‌ಳ ಕೈಯಲ್ಲಿ ಚಹಾದ ಬಟ್ಟಲುಗಳ ತಟ್ಟೆಯಿತ್ತು. ಅವಳು ಮುಖ ಸವರಿಕೊಳ್ಳಲು ಸಾಧ್ಯವೇ ಇರಲಿಲ್ಲ.

ಇದರಿಂದ ನಾನು ರಾಜಧಾನಿ ಬಿಷ್ಕೆಕ್‌ನಲ್ಲಿ ಬೇಗಿಮಾಯ್ ಸೇರಬೇಕೆಂದಿರುವ ಆ ಕಾಲೇಜಿನ ಪರವೆಂದು ಯಾರೂ ಭಾವಿಸಬಾರದು. ವಾಣಿಜ್ಯವನ್ನೂ ಕಲಿಸುತ್ತಾರಂತೆ, ಅದರ ಜೊತೆಗೆ ಸಾಹಿತ್ಯ, ಇತಿಹಾಸ, ತತ್ತ್ವಶಾಸ್ತ್ರಗಳನ್ನೂ ಕಲಿಸುತ್ತಾರಂತೆ. ಒಂದು ಕಾಲನ್ನು ಕುದುರೆಯ ಮೇಲೂ ಇನ್ನೊಂದನ್ನು ಕತ್ತೆಯ ಮೇಲೂ ಇಟ್ಟು ಸವಾರಿ ಹೊರಟ ಹಾಗೆ. ಸಾಹಿತ್ಯವನ್ನು ಓದುವವರು ಸಾಹಿತ್ಯವನ್ನೇ ಓದಬೇಕು. ನನ್ನ ಆಕ್ಷೇಪವಿರುವುದು ಬೇಶೆನಾಲಿಯ ವಿಧಾನದ ಬಗ್ಗೆ ಮಾತ್ರ.

ಮೇ ೧೮, ಗುರುವಾರ

ಮಗ ಮಕ್ಸಾತ್ ಮೇವಿನ ಅಂಗಡಿ ಮುಚ್ಚಿ ಬಂದವನೇ ಟೋಪಿಯನ್ನೂ ತೆಗೆಯದೆ ಕುಳಿತ.

"ಆಪಾ, ಚಿಕ್ಕಪ್ಪ ಬಾತಾ ಕೊಟ್ಟಾಯ್ತು. ಇನ್ನು ಬಿಷ್ಕೆಕ್ ಮಾತು ಬೇಡ."

"ಅದು ಬಾತಾ ಅಲ್ಲ, ಬಾಲ. ಮಗುವಿನ ಬಾತಾಕ್ಕೆ ಅಂಟಿಸಿದ ಬಾಲ."

"ಬಾಲಾನೋ ತಲೆನೋ, ಊರೆಲ್ಲ ಆಮೀನ್ ಅಂದಿದೆ. ನೀವೂ ಅಂದ್ರಿ."

ಒಳಗಿನಿಂದ ಬೇಗಿಮಾಯ್ ಕೂಗಿದಳು: "ನಾನು ಅಂದಿಲ್ಲ!"

"ನಿನ್ನ ಕೇಳಿದ್ಯಾರು?"

"ಅದೇ ಸಮಸ್ಯೆ! ಯಾರೂ ಕೇಳಲಿಲ್ಲ!"

ಅವಳು ಹಾಗೆ ಕಿರುಚಬಾರದಿತ್ತು. ತಂದೆಗೆ ಎದುರುತ್ತರ ಕೊಡಬಾರದೆಂದು ಹೇಳಿದೆ. ಚೊಚ್ಚಲ ಮಗುವನ್ನು ಅಜ್ಜಿಯ ಮಡಿಲಿಗೆ ಹಾಕುವ ನಮ್ಮ ಪದ್ಧತಿಯಂತೆ ಅವಳು ನನ್ನ ಕೈಯಲ್ಲೇ ಬೆಳೆದವಳು; ತಂದೆಯಂತೆ ಅವಳೂ ನನ್ನನ್ನೇ ಆಪಾ, ಅಂದರೆ ಅಮ್ಮ, ಎನ್ನುತ್ತಾಳೆ, ನನ್ನ ಹಾಸಿಗೆಯ ಪಕ್ಕದಲ್ಲೇ ಅವಳ ಹಾಸಿಗೆ. ಅವಳ ನಡತೆಗೆ ನಾನೇ ಹೊಣೆ. ಆಮೇಲೆ ಅವಳು ನನ್ನ ಬಳಿ ಬಂದು ಮೆಲ್ಲಗೆ ಕೇಳಿದಳು: "ಆಪಾ, ನಿಮಗೂ ಆ ಕಾಲೇಜು ಬೇಡ್ವಾ?"

"ಬೇಡ" ಎಂದೆ. "ಆದರೆ ಬೇಡವೆನ್ನಲು ನನಗೆ ನನ್ನದೇ ಕಾರಣಗಳಿವೆ. ನಿನ್ನ ಅಜ್ಜನ ತಮ್ಮನ ಕಾರಣಗಳನ್ನು ಎರವಲು ತರುವ ಅಗತ್ಯ ನನಗಿಲ್ಲ."

"ಏನು ಕಾರಣ?"

"ಎರಡು ವಿಷಯ ಕಲಿಸುವವರು ಎರಡನ್ನೂ ಅರ್ಧವೇ ಕಲಿಸುತ್ತಾರೆ."

"ಹೋಗಿ ನೋಡಿದ್ದೀರಾ?"

ಎಂತಹ ಪ್ರಶ್ನೆ! ಬೆಂಕಿ ಸುಡುತ್ತದೆಯೇ ಎಂದು ಕೈಯಿಟ್ಟು ನೋಡಬೇಕೆ?

ಜೂನ್ ೯, ಶುಕ್ರವಾರ

ಎರಡೂ ಕಡೆಗಳಿಂದ ಬೇಗಿಮಾಯ್‌ಗೆ ಪ್ರವೇಶ ದೊರೆತಿದೆ. ಬಿಷ್ಕೆಕ್‌ನವರು ಜುಲೈ ಹದಿನೈದರೊಳಗೆ ಉತ್ತರ ಕೇಳಿದ್ದಾರೆ. ಸೊಸೆ ರಖಾತ್ ಸಂತೋಷದಿಂದ ಕಟ್ಟಮಾ ರೊಟ್ಟಿ ಕರಿದಳು. ಮಕ್ಸಾತ್ ಒಂದನ್ನೂ ಮುಟ್ಟಲಿಲ್ಲ.

ಹೊಸ ವಿದ್ಯಾರ್ಥಿಗಳ ಮನೆಯವರಿಗಾಗಿ ಮುಂದಿನ ವಾರ ಕಾಲೇಜಿನಲ್ಲಿ ತೆರೆದ ತರಗತಿಯಿದೆಯಂತೆ. ನಾನು ಹೋಗುತ್ತೇನೆ. ವಿರೋಧಿಸುವವರಿಗೆ ವಿಷಯದ ಪೂರ್ಣ ತಿಳಿವಳಿಕೆ ಇರಬೇಕು.

ಜೂನ್ ೧೫, ಗುರುವಾರ, ಬಿಷ್ಕೆಕ್

ಬಾಡಿಗೆ ಕಾರಿನಲ್ಲಿ ಡೊಲೊನ್ ಕಣಿವೆ ದಾಟಿ ನಿನ್ನೆ ಸಂಜೆ ಬಂದು ತಲುಪಿದೆವು. ಹಿಂದಿನ ಸೀಟಿನಲ್ಲಿ ನಾನು, ಬೇಗಿಮಾಯ್, ಹಾಗೂ ಎರಡು ಕುರಿಮರಿಗಳನ್ನು ಮಡಿಲಲ್ಲಿಟ್ಟುಕೊಂಡಿದ್ದ ಒಬ್ಬ ಮಹಿಳೆ. ನಾನು ಶಾಲೆಯಲ್ಲಿ ಕಲಿಸುತ್ತಿದ್ದ ಕಾಲದ ವಿದ್ಯಾರ್ಥಿನಿಯೊಬ್ಬಳ ಮನೆಯಲ್ಲಿ ಇಳಿದುಕೊಂಡಿದ್ದೇವೆ.

ಕಾಲೇಜಿನ ಬಾಗಿಲಲ್ಲೇ ಸೂಚನಾಫಲಕದಲ್ಲಿ ಎರಡು ಕಾಗುಣಿತದ ತಪ್ಪುಗಳಿದ್ದವು. ಕಾವಲುಗಾರನಿಂದ ಪೆನ್ನು ಪಡೆದು ತಿದ್ದಿದೆ. ಬೇಗಿಮಾಯ್ ದೂರ ಹೋಗಿ ನಿಂತು, ನಾನು ಯಾರೋ ಎಂಬಂತೆ ಮರವನ್ನು ನೋಡುತ್ತಿದ್ದಳು.

ತರಗತಿಯಲ್ಲಿ ಮೇಜುಗಳನ್ನು ಸಾಲಾಗಿ ಇಡದೆ ವೃತ್ತವಾಗಿ ಇಟ್ಟಿದ್ದರು. ಇದು ಶಿಸ್ತಲ್ಲ. ಅಧ್ಯಾಪಕ ಗಡ್ಡವೂ ಸರಿಯಾಗಿ ಮೂಡಿರದ ತರುಣ. ವ್ಯಾಪಾರದ ಪಾಠವೆಂದು ಹೇಳಿ, ಹಲಗೆಯ ಮೇಲೆ ಒಂದೇ ಒಂದು ಅಂಕಿಯನ್ನೂ ಬರೆಯದೆ, ಒಂದು ಕಥೆ ಹೇಳಿದ. ಹೆದ್ದಾರಿಯ ಬದಿಯಲ್ಲಿ ಒಬ್ಬ ಕುದುರೆಹಾಲು ಹುಳಿಸಿ ಮಾಡಿದ ಕುಮಿಸ್ ಮಾರುತ್ತಾನೆ. ಅವನ ಬಳಿ ಎರಡು ಪಾತ್ರೆಗಳಿವೆ. ಒಂದರಲ್ಲಿ ಚೆನ್ನಾಗಿ ಹುಳಿತ, ನಾಲಗೆಗೆ ಚುರುಕು ಮುಟ್ಟಿಸುವ ಕುಮಿಸ್. ಅದು ರುಚಿ ಬಲ್ಲ ಸ್ಥಳೀಯರಿಗೆ. ಇನ್ನೊಂದರಲ್ಲಿ ನೀರು ಬೆರೆಸಿದ್ದು. ಅದು ಗೊತ್ತಿಲ್ಲದ ವಿದೇಶಿ ಪ್ರವಾಸಿಗರಿಗೆ. ಬೆಲೆ ಎರಡಕ್ಕೂ ಒಂದೇ. ಪ್ರಶ್ನೆ: ಅವನು ಮೋಸಗಾರನೇ?

ಒಬ್ಬ ಹುಡುಗ ಹೇಳಿದ: "ಮೋಸ ಏನಿಲ್ಲ. ಗಿರಾಕಿ ಯಾರು ಅಂತ ತಿಳ್ಕೊಂಡು ಮಾಲು ಕೊಡ್ತಾನೆ. ಜಾಣ."

ಕೆಂಪು ಅಂಗಿಯ ಹುಡುಗಿ ಹೇಳಿದಳು: "ವಿದೇಶದವರಿಗೆ ಗಟ್ಟಿ ಕುಮಿಸ್ ಕೊಟ್ರೆ ಬಸ್ಸಲ್ಲೇ ಹೊಟ್ಟೆ ಕೆಡುತ್ತೆ. ಅವ್ನು ಉಪಕಾರ ಮಾಡ್ತಿದ್ದಾನೆ."

ಎಲ್ಲರೂ ನಕ್ಕರು. ಅಧ್ಯಾಪಕ ಅವಳನ್ನು ತಡೆಯಲಿಲ್ಲ. ಇಷ್ಟು ಅಸಡ್ಡೆಯ ತರ್ಕವನ್ನು ಯಾರೂ ಎದುರಿಸದಿದ್ದರೆ ಹೇಗೆ? ನಾನು ಕೈಯೆತ್ತಿದೆ.

"ಉಪಕಾರವೆಂದರೆ ಹೇಳಿ ಮಾಡುವುದು. ನೀರು ಬೆರೆಸಿದ್ದೇನೆ, ನಿಮ್ಮ ಹೊಟ್ಟೆಗೆ ಒಳ್ಳೆಯದು ಎಂದು ಅವನು ಹೇಳಿದನೇ? ತನ್ನ ಮನೆಗೆ ಬಂದ ಅತಿಥಿಗೆ ಆ ಪಾತ್ರೆಯಿಂದ ಬಡಿಸುತ್ತಾನೆಯೇ?"

ಆ ಮೊದಲ ಹುಡುಗ ತಿರುಗಿ ಕುಳಿತು, ಹಿರಿಯಕ್ಕನೆಂದು ಮರ್ಯಾದೆಯಿಂದಲೇ ಕರೆದು ವಾದಿಸಿದ. "ಎಜೆ, ಅತಿಥಿ ದುಡ್ಡು ಕೊಡಲ್ವಲ್ಲ! ಅತಿಥಿ ಬೇರೆ, ಗಿರಾಕಿ ಬೇರೆ."

"ದಾರಿಯಲ್ಲಿ ಬಾಯಾರಿ ಬಂದವನು ಯಾವಾಗ ಅತಿಥಿ, ಯಾವಾಗ ಗಿರಾಕಿ? ಗೆರೆ ಎಳೆದು ತೋರಿಸು."

ಅವನು ಎಳೆಯಲು ಹೊರಟ. ನಾನು ಅಳಿಸಿದೆ. ಅವನು ಮತ್ತೆ ಎಳೆದ. ಬಳಿಕ ಅಧ್ಯಾಪಕ, ಈ ಗೆರೆಯ ಬಗ್ಗೆ ಹಿಂದಿನವರು ಏನು ಯೋಚಿಸಿದ್ದರು ಎಂದು ಒಂದು ಹಳೆಯ ಕಥೆಯನ್ನೂ, ನಮ್ಮ ಅಲೆಮಾರಿ ಪೂರ್ವಿಕರು ರೇಷ್ಮೆದಾರಿಯ ವರ್ತಕರೊಡನೆ ಮಾಡಿಕೊಳ್ಳುತ್ತಿದ್ದ ಒಪ್ಪಂದಗಳನ್ನೂ ವಿವರಿಸಿದ. ಆಮೇಲೆ ತಾನೇ ಅಂಕಿಗಳಿಗೆ ಬಂದ: ಎರಡು ಪಾತ್ರೆಯ ಅಂಗಡಿ ಒಂದು ಬೇಸಿಗೆಯಲ್ಲಿ ಎಷ್ಟು ಗಳಿಸುತ್ತದೆ, ಮೋಸವೆಂದು ಸುದ್ದಿ ಹಬ್ಬಿದ ಮರುಬೇಸಿಗೆಯಲ್ಲಿ ಎಷ್ಟು. ಲೆಕ್ಕ ಅಚ್ಚುಕಟ್ಟಾಗಿತ್ತು.

ತರಗತಿ ಮುಗಿದದ್ದು ನನಗೆ ತಿಳಿಯಲಿಲ್ಲ. ಆ ಹುಡುಗ ಮೆಟ್ಟಿಲಿನವರೆಗೂ ವಾದ ಮಾಡುತ್ತಲೇ ಬಂದ, ನಾನೂ ಬಿಡಲಿಲ್ಲ. ಬೀದಿಯಲ್ಲಿ ನಿಂತು, ಸಮೋಸಾ ತಿನ್ನುತ್ತ, ಇನ್ನೂ ಸ್ವಲ್ಪ ಹೊತ್ತು. ಅವನ ಮೊದಲ ವಾಕ್ಯದಲ್ಲಿದ್ದ ದೋಷವನ್ನು ತಿದ್ದಲು ಮರೆತೆ. ಬಹುಶಃ ಬಿಸಿಲಿನ ಪರಿಣಾಮ.

ನನ್ನ ಅಭಿಪ್ರಾಯ ಬದಲಾಗಿಲ್ಲ. ವೃತ್ತವಾಗಿ ಕುಳಿತರೆ ಹಿಂದಿನ ಬೆಂಚೆಂಬುದೇ ಇರುವುದಿಲ್ಲ. ಅದು ಮಾತ್ರ ಒಂದು ಅನುಕೂಲ.

ಜೂನ್ ೧೭, ಶನಿವಾರ

ನಮ್ಮೂರು ಅತ್‌ಬಾಶಿಗೆ ಮರಳಿದೆವು. ದಾರಿಯುದ್ದಕ್ಕೂ ಬೇಗಿಮಾಯ್ ನಗುತ್ತಿದ್ದಳು. ಕೇಳಿದರೆ, "ಏನಿಲ್ಲ ಆಪಾ, ಕುಮಿಸ್ ಅಂಗಡಿ ಬಂದಾಗಲೆಲ್ಲ ನೀವು ಕಿಟಕಿ ಇಳಿಸಿ ಪಾತ್ರೆ ಎಣಿಸ್ತಿದ್ರಿ" ಎಂದಳು. ಉತ್ಪ್ರೇಕ್ಷೆ.

ಜುಲೈ ೧, ಶನಿವಾರ

ಮಕ್ಸಾತ್‌ನೊಡನೆ ಕೊನೆಗೂ ಮಾತಾಯಿತು. ಅವನು ಕೊಟ್ಟಿಗೆಯ ಹಿಂದೆ ಮೇವಿನ ಮೂಟೆಗಳನ್ನು ಜೋಡಿಸುತ್ತಿದ್ದ.

"ಆಪಾ, ನನಗೆ ಆ ಕಾಲೇಜಿನ ಮೇಲೆ ಸಿಟ್ಟಿಲ್ಲ. ಅದ್ರಲ್ಲಿ ಏನು ಕಲಿಸ್ತಾರೋ ನನಗೆ ಅರ್ಥಾನೂ ಆಗಲ್ಲ. ಆದ್ರೆ ನಾನು ಮಾಸ್ಕೋಗೆ ಹೋದಾಗ ಅಪ್ಪನ ಬಾತಾ ತಗೊಳ್ದೆ ಹೋದೆ. ಅವರು ಬೇಡ ಅಂದಿದ್ರು, ನಾನು ಬಾಗಿಲು ಬಡಿದು ಹೋದೆ. ನೆನಪಿದೆಯಲ್ಲ?"

ನೆನಪಿದೆ. ಕಟ್ಟಡದ ಕೆಲಸದಲ್ಲಿ ಸಾರುವೆಯ ಹಲಗೆ ಮುರಿದು ಬಿದ್ದು, ಮೂರು ತಿಂಗಳು ಯಾರೂ ಇಲ್ಲದ ಊರಿನ ಆಸ್ಪತ್ರೆಯಲ್ಲಿ ಮಲಗಿದ್ದ. ಅವನ ಬಲಗೈ ಈಗಲೂ ಭುಜಕ್ಕಿಂತ ಮೇಲೇಳುವುದಿಲ್ಲ.

"ಅದು ಬಾತಾದಿಂದ ಆದದ್ದಲ್ಲ, ಮಗನೇ. ಹಲಗೆ ಕೊಳೆತಿತ್ತು."

"ಇರಬಹುದು. ಆದ್ರೆ ಅಲ್ಲಿ ಮಲಗಿದ್ದಾಗ ನನಗೆ ಹಲಗೆ ನೆನಪಾಗ್ತಿರಲಿಲ್ಲ. ಅಪ್ಪನ ಕೈ ನೆನಪಾಗ್ತಿತ್ತು. ನನ್ನ ಮಗಳು ಎಲ್ಲೋ ಒಬ್ಬಳೇ ಹಾಗೆ ಮಲಗಬಾರದು ಆಪಾ. ಬಿದ್ದ ಬಾತಾ ದಾಟಿ ಅವಳನ್ನ ಕಳಿಸಲ್ಲ. ಚಿಕ್ಕಪ್ಪನೇ ಬೇರೆ ಬಾತಾ ಕೊಟ್ರೆ ಅದು ಬೇರೆ ಮಾತು."

"ಅವನ ಹತ್ತಿರ ಯಾರು ಕೇಳುವುದು?"

ಅವನು ಮೂಟೆಯನ್ನು ಇಳಿಸಿ ನನ್ನನ್ನೇ ನೋಡಿದ. ಮೂರ್ಖ ಪ್ರಶ್ನೆಗೆ ನನ್ನ ವಿದ್ಯಾರ್ಥಿಗಳನ್ನು ನಾನು ನೋಡುತ್ತಿದ್ದ ಹಾಗೆ.

ಜುಲೈ ೪, ಮಂಗಳವಾರ

ನಾನು ಬೇಶೆನಾಲಿಯನ್ನು ಕೇಳಿಕೊಳ್ಳುವುದಿಲ್ಲ.

ಜುಲೈ ೬, ಗುರುವಾರ

ಬೇಗಿಮಾಯ್ ನರಿನ್‌ಗೆ ಹೋಗಲು ಒಪ್ಪಿದ್ದಾಳೆ. ಯಾರೂ ಒತ್ತಾಯಿಸಲಿಲ್ಲ. ಬೆಳಿಗ್ಗೆ ಚಹಾ ಸುರಿಯುತ್ತ, "ಸರಿ, ನರಿನ್‌ಗೇ ಹೋಗ್ತೀನಿ. ಅಪ್ಪ ನಿದ್ದೆ ಮಾಡ್ತಿಲ್ಲ" ಎಂದಳು. ಅಳಲಿಲ್ಲ. ಕಿರುಚಲೂ ಇಲ್ಲ. ಅವಳು ಕಿರುಚಿದ್ದರೆ ಚೆನ್ನಾಗಿತ್ತು.

ಸಂಜೆ ಅವಳು ಮರೆತಿರಬಹುದೆಂದು ನಾನೇ ಆ ಕುಮಿಸ್ ಮಾರುವವನ ವಿಷಯ ತೆಗೆದೆ. "ಆಪಾ, ಈಗ ಬೇಡ" ಎಂದು ಗೋಡೆಗೆ ತಿರುಗಿ ಮಲಗಿದಳು.

ಜುಲೈ ೯, ಭಾನುವಾರ

ಬೇಶೆನಾಲಿಯ ಬೇಸಿಗೆಯ ಹುಲ್ಲುಗಾವಲಿಗೆ ಹೋಗಿದ್ದೆ. ಮಕ್ಸಾತ್ ಕಾರಿನಲ್ಲಿ ದಾರಿ ಮುಗಿಯುವವರೆಗೆ ಬಿಟ್ಟ. ಅಲ್ಲಿಂದ ಮೇಲೆ ಕುದುರೆಯ ಮೇಲೆ. ಈ ವಯಸ್ಸಿನಲ್ಲಿ ಕುದುರೆ ಹತ್ತುವುದು ಕಷ್ಟವೆಂದು ಯಾರೂ ಹೇಳಬೇಕಾಗಿರಲಿಲ್ಲ. ಎಲ್ಲರೂ ಹೇಳಿದರು.

ಬೇಶೆನಾಲಿ ಡೇರೆಯ ಮುಂದೆ ಕುಮಿಸ್‌ನ ಚರ್ಮದ ಚೀಲವನ್ನು ಕಡೆಯುತ್ತಿದ್ದ. ನನ್ನನ್ನು ಕಂಡು ಕಡೆಗೋಲನ್ನು ಬಿಡದೆಯೇ ಎದ್ದು ನಿಂತ.

"ಜೆಂಗೆ! ಏನು, ಬೆಟ್ಟಕ್ಕೆ ಕಾಗುಣಿತ ಕಲಿಸೋಕೆ ಬಂದ್ರಾ?"

ಅತ್ತಿಗೆಯನ್ನು ಹೀಗೆ ಛೇಡಿಸುವ ಹಕ್ಕು ಮೈದುನನಿಗಿದೆ, ಆದ್ದರಿಂದ ಸಹಿಸಿಕೊಂಡೆ. ಅವನ ಹೆಂಡತಿ ತುರ್ಸುನ್ ಡೇರೆಯೊಳಗೆ ಗೌರವದ ಜಾಗದಲ್ಲಿ ಎರಡು ಹಾಸು ಹಾಸಿ ಕೂರಿಸಿದಳು. ಕೆನೆ, ರೊಟ್ಟಿ, ಕುಮಿಸ್ ಇಟ್ಟಳು. ಹೇಗೆ ಆರಂಭಿಸುವುದೆಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಕಟ್ಟಿಕೊಂಡಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ಬಟ್ಟಲನ್ನು ನೋಡುತ್ತ, ಬಂದದ್ದನ್ನು ಹೇಳಿದೆ: "ಬೇಶೆನಾಲಿ, ಒಬ್ಬ ಹೆದ್ದಾರಿಯಲ್ಲಿ ಕುಮಿಸ್ ಮಾರುತ್ತಾನೆ. ಅವನ ಬಳಿ ಎರಡು ಪಾತ್ರೆ."

ಅವನ ಮುಖ ಕೆಂಪಾಯಿತು. "ಯಾರು ಹೇಳಿದ್ರು ನಿಮಗೆ?"

ತುರ್ಸುನ್ ಬಾಯಿಗೆ ತಲೆವಸ್ತ್ರದ ಅಂಚು ಒತ್ತಿಕೊಂಡಳು. ಆಮೇಲೆ ತಡೆಯಲಾರದೆ ಬಿದ್ದು ಬಿದ್ದು ನಕ್ಕಳು. "ನಾನಲ್ಲಪ್ಪ! ಆಣೆಗೂ ನಾನಲ್ಲ!"

"ಅದು ನೀರಲ್ಲ" ಎಂದು ಬೇಶೆನಾಲಿ ಗುಡುಗಿದ. "ಹೊಸ ಹಾಲು. ಹೊಸ ಹಾಲು ಸೇರಿಸ್ತೀನಿ, ಅಷ್ಟೇ. ಆ ಚೀಲ ಹೊತ್ಕೊಂಡು ಬರೋ ಬಿಳಿ ಹುಡುಗ್ರು ಮೊದ್ಲನೇ ಗುಟುಕಿಗೇ ಮುಖ ಕಿವುಚ್ತಾರೆ. ಅವ್ರಿಗೆ ಬೇಕಾಗಿರೋದೇ ಕೊಡ್ತೀನಿ."

"ಎರಡು ಪಾತ್ರೆ ಇದೆ ಎಂದು ಅವರಿಗೆ ಹೇಳುತ್ತೀಯಾ?"

"ಯಾವ ಭಾಷೇಲಿ ಹೇಳ್ಲಿ?"

"ತೋರಿಸಬಹುದಲ್ಲ. ಎರಡು ಲೋಟ ಮುಂದಿಡು, ಆರಿಸಿಕೊಳ್ಳಲಿ."

"ಆಮೇಲೆ ಎಲ್ರೂ ಗಟ್ಟಿದೇ ಕೇಳ್ತಾರೆ, ಶೂರರ ಥರ. ಕುಡಿದು ಬಂಡೆ ಹಿಂದೆ ಓಡ್ತಾರೆ. ಬೈಗುಳ ಯಾರಿಗೆ? ನನಗೆ!"

ಯೋಚಿಸಿ ಒಂದು ಉತ್ತರ ಕೊಟ್ಟೆ. ಅವನು ಅದನ್ನು ತಳ್ಳಿಹಾಕಿದ. ತುರ್ಸುನ್ ಮೂರನೆಯದೊಂದನ್ನು ಹೇಳಿದಳು. ಕುರಿಗಳು ಇಳಿದು ಬರುವವರೆಗೂ ವಾದ ನಡೆಯಿತು. ಯಾರೂ ಸೋಲಲಿಲ್ಲ. ಕೊನೆಗೆ ಬೇಶೆನಾಲಿ ಮೊಣಕಾಲಿಗೆ ಹೊಡೆದುಕೊಂಡು ಕೇಳಿದ: "ಎಲ್ಲಿಂದ ತಂದ್ರಿ ಈ ಪೀಡೇನ? ಇವತ್ತು ನನಗೆ ನಿದ್ದೆ ಬರಲ್ಲ."

"ಬೇಗಿಮಾಯ್‌ಳ ಕಾಲೇಜಿನಿಂದ. ಅಲ್ಲಿ ಲೆಕ್ಕವನ್ನು ಹೀಗೆಯೇ ಕಲಿಸುತ್ತಾರೆ. ಮೊದಲು ಮನುಷ್ಯ, ಆಮೇಲೆ ಅಂಕಿ. ಮನುಷ್ಯನನ್ನು ತಿಳಿಯದೆ ಅಂಗಡಿ ತೆರೆಯುವವನು ಕಣ್ಣು ಕಟ್ಟಿಕೊಂಡು ಕುರಿ ಕೊಳ್ಳುವವನ ಹಾಗೆ. ಎರಡನ್ನೂ ಒಂದೇ ಜಾಗದಲ್ಲಿ ಕಲಿಯದೆ ಇನ್ನೆಲ್ಲಿ ಕಲಿಯಬೇಕು?"

"ಅಯ್ಯೋ ಜೆಂಗೆ! ಮೇ ತಿಂಗಳಲ್ಲಿ ನೀವೇ ಕುದುರೆ ಮೇಲೊಂದು ಕಾಲು, ಕತ್ತೆ ಮೇಲೊಂದು ಕಾಲು ಅಂತಿದ್ರಿ!"

ನಾನು ಹಾಗೆ ಹೇಳಿದ್ದು ನನಗೆ ನೆನಪಿಲ್ಲ. ಬೇಶೆನಾಲಿಗೆ ಜನರ ಮಾತುಗಳನ್ನು ತಪ್ಪಾಗಿ ಉದ್ಧರಿಸುವ ಚಾಳಿಯಿದೆ.

ಅವನು ನನ್ನ ಬಟ್ಟಲನ್ನು ಮತ್ತೆ ತುಂಬಿಸಿದ. ಬಳಿಕ, ಡೇರೆಯ ಬಾಗಿಲಿನಾಚೆಗೆ ನೋಡುತ್ತ ಹೇಳಿದ: "ಬ್ಯಾಂಕು, ಕುರ್ಚಿ ಎಲ್ಲ ಸುಮ್ನೆ ಬಾಯಿಗೆ ಬಂತು. ಅವ್ಳು ನರಿನ್‌ನಲ್ಲಿದ್ರೆ ವಾರವಾರ ಮನೆಗೆ ಬರ್ತಾಳೆ. ಬಿಷ್ಕೆಕ್ ಆದ್ರೆ ವರ್ಷಕ್ಕೆರಡು ಸಲ. ಅಣ್ಣ ಹೋದ್ಮೇಲೆ ನಿಮ್ಮ ಜೊತೆ ಧೈರ್ಯವಾಗಿ ಜಗಳ ಆಡೋಳು ಅವ್ಳೊಬ್ಳೇ. ನಿಮಗೆ ಬೇಜಾರಾಗುತ್ತೆ ಅಂತ ಆ ಬಾತಾ ಕೊಟ್ಟೆ ಜೆಂಗೆ."

ಇದನ್ನು ನಾನು ನಿರೀಕ್ಷಿಸಿರಲಿಲ್ಲ. ಬಟ್ಟಲಿನ ಕುಮಿಸ್ ಪೂರ್ತಿ ಕುಡಿದೆ; ತುಂಬ ಹುಳಿಯಾಗಿತ್ತು. ಬಟ್ಟಲನ್ನು ಕೆಳಗಿಟ್ಟು, "ನನಗೆ ಜಗಳಕ್ಕೆ ನೀನಿದ್ದೀಯಲ್ಲ" ಎಂದೆ.

"ನಾನಾ? ನಾನು ಬಾಯಿ ತೆರೆದ್ರೆ ನೀವು ಕೆಂಪು ಶಾಯಿ ಹಿಡ್ಕೊಂಡಿರ್ತೀರಿ."

"ಹೊಸ ಬಾತಾ ಕೊಡುತ್ತೀಯಾ, ಇಲ್ಲವಾ?"

ಅವನು ಗಡ್ಡ ಸವರಿಕೊಂಡು ನಕ್ಕ. ಆ ನಗೆ ನನಗೆ ಗೊತ್ತು. "ಕೊಡ್ತೀನಿ. ಒಂದು ಷರತ್ತು. ನಾನು ಮುಗಿಸೋವರೆಗೂ ನೀವು ಬಾಯಿ ಬಿಡಬಾರ್ದು. ಒಂದಕ್ಷರ ತಿದ್ದಿದ್ರೂ ಅರ್ಧಕ್ಕೆ ನಿಲ್ಲಿಸ್ತೀನಿ."

ಒಪ್ಪಿಕೊಂಡೆ.

ಜುಲೈ ೧೩, ಗುರುವಾರ

ಮುಗಿಯಿತು.

ಬೇಶೆನಾಲಿ ಮಧ್ಯಾಹ್ನ ತುರ್ಸುನ್‌ಳನ್ನೂ ಮಗು ಎರ್ಮೆಕ್‌ನನ್ನೂ ಕರೆದುಕೊಂಡು ಬೆಟ್ಟದಿಂದ ಇಳಿದು ಬಂದ, ಕೈಯಲ್ಲಿ ಕುಮಿಸ್ ತುಂಬಿದ ಕ್ಯಾನು. "ಗಟ್ಟಿದು. ಇದೊಂದೇ ಪಾತ್ರೆ" ಎಂದು ನನಗೆ ಮಾತ್ರ ಕೇಳುವಂತೆ ಹೇಳಿದ. ರಖಾತ್ ಮಾಂಸ ಬೇಯಿಸಿ ಹಿಟ್ಟಿನ ಎಳೆಗಳನ್ನು ಸಣ್ಣಗೆ ಕತ್ತರಿಸಿದ್ದಳು. ಮಕ್ಸಾತ್ ಅಂಗಡಿಗೆ ಬೀಗ ಹಾಕಿ ಬೇಗ ಬಂದ. ಬೇಗಿಮಾಯ್‌ಗೆ ಇಂದು ತಟ್ಟೆ ಹಿಡಿಯುವ ಕೆಲಸ ಕೊಡಲಿಲ್ಲ. ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ.

ಊಟದ ಬಳಿಕ ಬೇಶೆನಾಲಿ ಅಂಗೈಗಳನ್ನು ಚಾಚಿ, ಮೊದಲು ಅವಳನ್ನೇ ಕೇಳಿದ: "ಹೇಳಮ್ಮಾ, ಎಲ್ಲಿಗೆ ಹೋಗ್ತೀಯ?"

ಬೇಗಿಮಾಯ್ ತನ್ನ ತಂದೆಯ ಕಡೆ ನೋಡಿದಳು. ಮಕ್ಸಾತ್ ತಲೆಯಾಡಿಸಿದ. "ಬಿಷ್ಕೆಕ್‌ಗೆ, ತಾತ" ಎಂದಳು.

ಅವನು ಹರಸತೊಡಗಿದ. ಕಾಲೇಜಿನ ಹೆಸರನ್ನು ಎರಡು ಸಲ ಹೇಳಿದ, ಎರಡೂ ಸಲ ಬೇರೆ ಬೇರೆಯಾಗಿ, ಎರಡೂ ತಪ್ಪು. ತತ್ತ್ವಶಾಸ್ತ್ರವೆನ್ನಲು ಬಾರದೆ "ಆ ಯೋಚ್ನೆ ಮಾಡೋ ಪಾಠ" ಎಂದ. "ಅವ್ಳು ವ್ಯಾಪಾರಾನೂ ಮಾಡ್ಲಿ, ಪದ್ಯಾನೂ ಓದ್ಲಿ. ಅವ್ಳ ತಕ್ಕಡಿ ಸರಿ ಇರ್ಲಿ, ನಾಲಗೆ ಸಿಹಿ ಇರ್ಲಿ. ಕಾಯಿಲೆ ಬಿದ್ರೆ ಬಾಗಿಲು ತಟ್ಟೋ ಜನ ಇರ್ಲಿ. ನಮ್ಮ ಜೆಂಗೆ ಹತ್ರ ಫೋನಲ್ಲಿ ದಿನಾ ಜಗಳ ಆಡೋಕೆ ಪುರುಸೊತ್ತು ಸಿಗ್ಲಿ" ಎಂದ. ಕಾಯಿಲೆಯ ಮಾತು ಬಂದಾಗ ಮಕ್ಸಾತ್‌ನ ಕಣ್ಣು ತುಂಬಿತು. ಭುಜದವರೆಗಷ್ಟೇ ಏಳುವ ಬಲಗೈಯನ್ನೂ ಎಡಗೈಯ ಸಮಕ್ಕೆ ತಂದು ಎರಡೂ ಅಂಗೈಗಳನ್ನು ಚಾಚಿದ್ದ. ವಾಕ್ಯಗಳಿಗೆ ತಲೆಯೂ ಇರಲಿಲ್ಲ, ಬುಡವೂ ಇರಲಿಲ್ಲ. ಇಷ್ಟು ಚೆನ್ನಾಗಿ ಮಾತನಾಡಲು ಅವನು ಎಲ್ಲಿ ಕಲಿತನೋ ತಿಳಿಯದು.

ಕಾಲೇಜಿಗೆ ಉತ್ತರ ಹೋಯಿತು. ಬೇಗಿಮಾಯ್ ಫೋನಿನಲ್ಲಿ ಏನನ್ನೋ ಒತ್ತಿದಳು, ಅಷ್ಟೇ. ಮಕ್ಸಾತ್ ಗೋಡೆಗೆ ಒರಗಿ, ಕುಳಿತಲ್ಲೇ, ಬೂಟು ಹಾಕಿಕೊಂಡೇ ನಿದ್ದೆ ಹೋದ. ಯಾರೂ ಅವನನ್ನು ಎಬ್ಬಿಸಲಿಲ್ಲ. ನನಗೆ ಹಸಿವೆಂದರೆ ಹಸಿವು; ಎರಡನೆಯ ಬಾರಿ ಬಡಿಸಿಕೊಂಡೆ. ಆಮೇಲೆ ನಾನೂ ಬೇಗಿಮಾಯ್‌ಳೂ ಅಂಗಳದಲ್ಲಿ ಕುಳಿತು, ಎರಡು ಲೋಟ ಮುಂದಿಟ್ಟರೆ ಸಾಕೇ ಎಂಬುದರ ಬಗ್ಗೆ ಕತ್ತಲಾಗುವವರೆಗೆ ಜಗಳವಾಡಿದೆವು. ಅವಳು ಹೇಳುವುದು ತಪ್ಪು. ನಾಳೆ ಮುಂದುವರಿಸುತ್ತೇನೆ.

ಮುಂದೆ ಯಾರೂ ಈ ಬಾತಾದ ಬಗ್ಗೆ ಬೇರೆ ಮಾತು ಆಡದಿರಲೆಂದು, ಅಲ್ಲಿದ್ದು ಆಮೀನ್ ಎಂದವರ ಹೆಸರುಗಳನ್ನು ಬರೆಯುತ್ತೇನೆ:

ಹರಸಿದವನು ಬೇಶೆನಾಲಿ. ಅವನ ಹೆಂಡತಿ ತುರ್ಸುನ್, ನಗುತ್ತ. ಮಗು ಎರ್ಮೆಕ್, ಅವಳ ಮಡಿಲಲ್ಲಿ. ಅವನು ಆಮೀನ್ ಎನ್ನಲಿಲ್ಲ, ಚಪ್ಪಾಳೆ ತಟ್ಟಿದ. ರಖಾತ್. ಪಕ್ಕದ ಮನೆಯ ಝುಮಾಗುಲ್, ಉಪ್ಪು ಕೇಳಲು ಬಂದವಳು, ಉಳಿದಳು. ಮಕ್ಸಾತ್. ಕುಲಿಪಾ, ಅಂದರೆ ನಾನು, ಒಂದಕ್ಷರವನ್ನೂ ತಿದ್ದದೆ. ಬೇಗಿಮಾಯ್, ಎರಡೂ ಕೈಗಳಿಂದ ಮುಖ ಸವರಿಕೊಂಡು.